ಕಾವುಪೆಟ್ಟಿಗೆಯೊಳಗಿನ ಅಕ್ಕ

ಅಕ್ಕ ಹೋಗಿ ಎಂಟು ತಿಂಗಳಾದ ಮೇಲೂ ನಾನು ದಿನ ಬಿಟ್ಟು ದಿನ ಅವಳಿಗೆ ಊಟ ಕೊಡುತ್ತಿದ್ದೆ.

ಊಟ ಅನ್ನುವುದು ನಮ್ಮ ಕೋಣೆಯ ಮಾತು. ಸುಟ್ಟಗಾಯದ ಆಸ್ಪತ್ರೆಯ ಮೂರನೇ ಮಹಡಿಯ ಮೂಲೆಯಲ್ಲಿ, ಎರಡು ಬಾಗಿಲು ದಾಟಿ, ಚಪ್ಪಲಿ ಬಿಟ್ಟು, ತಲೆಗೆ ಟೊಪ್ಪಿ ಕೈಗೆ ಗವಸು ಹಾಕಿಕೊಂಡು ಹೋದರೆ ಸಿಗುವ ಕೋಣೆ. ಅಲ್ಲಿ ನಾವು ಜೀವಕೋಶ ಬೆಳೆಸುತ್ತೇವೆ. ರೋಗಿಯ ಮೈಯಲ್ಲಿ ಸುಡದೆ ಉಳಿದ ಜಾಗದಿಂದ ಒಂದೆರಡು ಚಮಚ ಕೊಬ್ಬು ತೆಗೆಯುತ್ತಾರೆ. ಅದರೊಳಗಿನ ಆಕರಕೋಶಗಳನ್ನು, ಡಾಕ್ಟರ ಬಾಯಲ್ಲಿ ಸ್ಟೆಮ್ ಸೆಲ್‌ಗಳನ್ನು, ಬೇರೆ ಮಾಡಿ ಅಂಗೈಯಗಲದ ಚಪ್ಪಟೆ ಬಾಟಲಿಗೆ ಬಿಟ್ಟು ಮೇಲೆ ಗುಲಾಬಿ ಬಣ್ಣದ ದ್ರವ ಹಾಕುತ್ತೇವೆ. ಆ ದ್ರವವೇ ಊಟ. ಬಾಟಲಿಗಳು ಮಲಗುವ ಬೆಚ್ಚನೆ ಕಪಾಟಿಗೆ ಕಾವುಪೆಟ್ಟಿಗೆ ಅನ್ನುತ್ತೇವೆ. ಅದರ ಬಾಗಿಲು ತೆಗೆದರೆ ಮುಖಕ್ಕೆ ಬಡಿಯುವ ಬಿಸಿ ಮಲಗಿದ ಮನುಷ್ಯರ ಹೊದಿಕೆ ಎತ್ತಿದಾಗಿನ ಬಿಸಿಯಷ್ಟೇ ಇರುತ್ತದೆ, ಒಂದು ಕೂದಲು ಹೆಚ್ಚಿಲ್ಲ ಕಡಿಮೆಯಿಲ್ಲ.

ಕೋಶಗಳು ಬೆಳೆದು ಬಾಟಲಿ ತುಂಬಿದಾಗ ಬಿಡಿಸಿ ಹೊಸ ಬಾಟಲಿಗಳಿಗೆ ಹಂಚಬೇಕು. ಅದಕ್ಕೆ ಮನೆ ಬದಲಿಸುವುದು ಅನ್ನುತ್ತೇವೆ. ಬಾಟಲಿಯ ಮೇಲೆ ರೋಗಿಯ ನಂಬರು, ಪಕ್ಕದಲ್ಲಿ ಎಷ್ಟನೇ ಮನೆ ಅಂತ. ಮನೆ ಬದಲಿಸಿದಷ್ಟೂ ಕೋಶಗಳು ಮುದಿಯಾಗುತ್ತವೆ. ಐದನೇ ಮನೆ ದಾಟಿದ್ದನ್ನು ಯಾರ ಗಾಯಕ್ಕೂ ಹಾಕುವ ಹಾಗಿಲ್ಲ.

ಅಕ್ಕನ ಬಾಟಲಿಯ ಮೇಲೆ ಹನ್ನೊಂದು ಅಂತಿತ್ತು.

ಅವಳೂ ಅಮ್ಮನೂ ಮೇಣದಬತ್ತಿ ಮಾಡುವ ಕಾರ್ಖಾನೆಯಲ್ಲಿದ್ದರು. ಅಮ್ಮ ಬತ್ತಿ ಕಟ್ಟುವವರ ಮೇಲ್ವಿಚಾರಕಿ, ಅಕ್ಕ ಮೇಣ ಕರಗಿಸುವ ಡ್ರಮ್ಮಿನ ಹತ್ತಿರ. ಒಂದು ಬೆಳಿಗ್ಗೆ ಮೇಣ ಅತಿಯಾಗಿ ಕಾದು ಡ್ರಮ್ಮಿನ ಬಾಯಿಗೆ ಬೆಂಕಿ ಹತ್ತಿಕೊಂಡಿತು. ಮುಚ್ಚಳ ಮುಚ್ಚಿದ್ದರೆ ಆರಿ ಹೋಗುತ್ತಿತ್ತು. ಗೋಡೆಗೆ ಒರಗಿಸಿದ್ದ ಮುಚ್ಚಳಕ್ಕೆ ಅಕ್ಕ ಬಗ್ಗಿದಳು. ಅಷ್ಟರಲ್ಲಿ ಅಮ್ಮ ಒಂದು ಬಕೆಟ್ ನೀರು ಎರಚಿದಳು. ಉರಿಯುವ ಮೇಣಕ್ಕೆ ನೀರು ಬಿದ್ದರೆ ಬೆಂಕಿ ಆರುವುದಿಲ್ಲ, ಮೇಲಕ್ಕೆ ಹಾರುತ್ತದೆ. ಅಮ್ಮನ ಬಲಗೈ ಬೆರಳಿಂದ ಮೊಣಕೈವರೆಗೆ ಸುಟ್ಟಿತು. ಅಕ್ಕ ಹತ್ತೊಂಬತ್ತು ದಿನ ನಮ್ಮದೇ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದಳು.

ಐದನೇ ದಿನ ನನ್ನನ್ನು ಹತ್ತಿರ ಕರೆದಳು. ಅವಳ ಗಂಟಲೂ ಬೆಂದಿತ್ತು, ಮಾತು ಕಾಗದ ಹರಿದ ಹಾಗೆ ಬರುತ್ತಿತ್ತು.

“ನೀರಿಂದ ಆಯ್ತು ಅಂತ ಅಮ್ಮಂಗೆ ಹೇಳ್ಬೇಡ. ಡ್ರಮ್ಮು ತಾನಾಗೇ ಸಿಡೀತು ಅನ್ನು.”

“ಆಯ್ತು.”

“ಆಯ್ತು ಅಂದ್ಬಿಟ್ಟು ನಿದ್ದೆ ಮಾಡ್ಬೇಡ. ನೆನಪಿಟ್ಕೋ, ನಿದ್ದೆಗಣ್ಣಿ.”

ಅದು ಅವಳು ನನಗಿಟ್ಟ ಹೆಸರು. ಕತೆ ಕೇಳುತ್ತಾ ಕೇಳುತ್ತಾ ನಾನು ನಿದ್ದೆ ಹೋಗುತ್ತಿದ್ದೆ ಅಂತ.

ಅವಳ ಸೊಂಟದ ಹತ್ತಿರ ಸುಡದೆ ಉಳಿದ ಜಾಗದಿಂದ ಕೊಬ್ಬು ತೆಗೆದು ಅವಳಿಗೇ ಹಾಕಲು ಕೋಶ ಬೆಳೆಸಿದೆವು. ಬೆಳೆಸಿದವಳು ನಾನೇ. ಮೂರನೇ ಮನೆಗೆ ಬರುವಷ್ಟರಲ್ಲಿ ಬೇಕಾದಷ್ಟಾಗಿತ್ತು. ಹೆಚ್ಚಾದದ್ದನ್ನು ಕಿರುಬೆರಳುದ್ದದ ಆರು ಸೀಸೆಗಳಲ್ಲಿ ತುಂಬಿ, ಹೆಪ್ಪುಗಟ್ಟಿಸಿಡುವ ನೈಟ್ರೋಜನ್ ಡ್ರಮ್ಮಿನಲ್ಲಿ ಮುಳುಗಿಸಿದೆವು. ಮರುದಿನ ಗಾಯಕ್ಕೆ ಹಾಕುವುದು ಅಂತ ನಿಗದಿಯಾಗಿತ್ತು. ಆ ಮರುದಿನದ ಹೊತ್ತಿಗೆ ಅಕ್ಕ ಇರಲಿಲ್ಲ.

ರೋಗಿ ತೀರಿಕೊಂಡರೆ ಬಾಟಲಿಗೆ ಬ್ಲೀಚ್ ಸುರಿದು, ಸೀಸೆಗಳನ್ನೂ ತೆಗೆದು ಹಾಗೇ ಮಾಡಿ, ರಿಜಿಸ್ಟರಿನಲ್ಲಿ ‘ವಿಲೇವಾರಿ’ ಅಂತ ಬರೆದು ಸಹಿ ಮಾಡಬೇಕು. ನಾನು ಬರೆದೆ, ಸಹಿಯನ್ನೂ ಮಾಡಿದೆ. ಬಾಟಲಿಯನ್ನು ಕಾವುಪೆಟ್ಟಿಗೆಯ ಕೆಳಗಿನ ತಟ್ಟೆಯ ಹಿಂಭಾಗಕ್ಕೆ ಸರಿಸಿ ಬಾಗಿಲು ಹಾಕಿದೆ. ಸೀಸೆಗಳನ್ನೂ ಡ್ರಮ್ಮಿನಲ್ಲೇ ಬಿಟ್ಟೆ.

ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬಳ ಮಗಳು ಬಾವಿಗೆ ಬಿದ್ದು ಸತ್ತಳಂತೆ. ಮಗಳು ಹೋದಳು, ನೆರಳು ಮಾತ್ರ ಬಾವಿಕಟ್ಟೆಯ ಮೇಲೆ ಉಳಿದುಬಿಟ್ಟಿತಂತೆ. ತಾಯಿ ಅದನ್ನು ಮೆತ್ತಗೆ ಸುತ್ತಿ ಮಡಕೆಯಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ, ದಿನಕ್ಕೆ ಒಂದು ಚಮಚ ಹಾಲು ಹಾಕುತ್ತಿದ್ದಳಂತೆ. ನೆರಳು ಬೆಳೆಯಲೂ ಇಲ್ಲ ಅಳಿಯಲೂ ಇಲ್ಲ. ಮುಂದೇನಾಯಿತು ನನಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿತ್ತು, ಕೇಳಿದರೆ ಹೇಳದೆ ಆಟ ಆಡಿಸುತ್ತಿದ್ದಳು.

ಸೂಕ್ಷ್ಮದರ್ಶಕದಲ್ಲಿ ಎಳೆಯ ಆಕರಕೋಶಗಳು ಸಣ್ಣ ಮೀನುಗಳ ಹಾಗೆ ಕಾಣುತ್ತವೆ. ಎರಡು ಕಡೆ ಚೂಪು, ನಡುವೆ ತುಂಬಿಕೊಂಡು, ಎಲ್ಲವೂ ಒಂದೇ ದಿಕ್ಕಿಗೆ ಹೊರಟಂತೆ ಸಾಲಾಗಿ. ಅಕ್ಕನವು ಹಾಗಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಮೀನುಗಳು ಅಗಲವಾದವು, ಬಂಡೆಗೆ ಹರಡಿದ ಒದ್ದೆ ಬಟ್ಟೆಯ ಹಾಗೆ ಚಪ್ಪಟೆಯಾದವು. ಹೀಗಾದ ಕೋಶ ಮತ್ತೆ ಎರಡಾಗುವುದಿಲ್ಲ, ಬೇಗ ಸಾಯುವುದೂ ಇಲ್ಲ. ಊಟ ಕೊಟ್ಟರೆ ಉಣ್ಣುತ್ತಾ ಬಿದ್ದಿರುತ್ತದೆ. ಅಕ್ಕನನ್ನು ಹಾಗೆ ನೋಡುವುದು ನನ್ನಿಂದಾಗಲಿಲ್ಲ. ಡ್ರಮ್ಮಿನಿಂದ ಒಂದು ಸೀಸೆ ತೆಗೆದೆ. ಮತ್ತೆ ಮೂರನೇ ಮನೆ, ಮತ್ತೆ ಮೀನು. ಒಂದು ತಿಂಗಳು ಅಕ್ಕ ಮತ್ತೆ ಹುಡುಗಿಯಾದಳು. ಆಮೇಲೆ ಮತ್ತೆ ಚಪ್ಪಟೆ. ಇನ್ನೊಂದು ಸೀಸೆ.

ಹೀಗೆ ಐದು ಸೀಸೆ ಮುಗಿಸಿದೆ. ಈ ಕೆಲಸ ಗೊತ್ತಿಲ್ಲದವರು ಇಂಥ ತಪ್ಪು ಮಾಡಲಾರರು. ಡ್ರಮ್ಮಿನ ಚಳಿಯಲ್ಲಿ ಅವಳಿಗೆ ವಯಸ್ಸಾಗುತ್ತಿರಲಿಲ್ಲ, ಸುಮ್ಮನೆ ಬಿಟ್ಟಿದ್ದರೆ ಆರಕ್ಕೆ ಆರೂ ಇರುತ್ತಿದ್ದವು. ಆದರೆ ಡ್ರಮ್ಮಿನಲ್ಲಿದ್ದರೆ ಅವಳು ಕಾಣುವುದಿಲ್ಲವಲ್ಲ.

ಮನೆಯಲ್ಲಿ ಅಮ್ಮನ ಕೈ ಮುಚ್ಚಿಕೊಳ್ಳುತ್ತಿರಲಿಲ್ಲ. ತೊಡೆಯಿಂದ ಚರ್ಮ ತೆಗೆದು ಕಸಿ ಮಾಡಿದ್ದರಲ್ಲಿ ಮುಂಗೈ ಪೂರ್ತಿ ಹಿಡಿಯಿತು. ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಹಿಂಗೈಯ ಮೇಲಿನದ್ದು ಮಾತ್ರ ಜಾರಿ ಹೋಯಿತು. ಎರಡನೇ ಸಲ ಕೊಯ್ಯಿಸಿಕೊಳ್ಳಲು ಅಮ್ಮ ಒಪ್ಪಲಿಲ್ಲ.

ನಮ್ಮದು ಮಹಡಿ ಮೇಲಿನ ಎರಡು ಕೋಣೆಯ ಮನೆ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಹದಿನಾಲ್ಕು. ಅಕ್ಕ ಕೆಲಸ ಬಿಟ್ಟು ಬರುವಾಗ ಕೊನೆಯ ಮೆಟ್ಟಿಲು ತುಳಿಯದೆ ಹಾರಿ ಒಳಗೆ ಬರುತ್ತಿದ್ದಳು, ಹದಿಮೂರೇ ಸದ್ದು. ಈಗಲೂ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬಿಸಿಲಿಗೆ ಕಾದ ಮೆಟ್ಟಿಲುಗಳು ಟಣ್ ಟಣ್ ಅನ್ನುತ್ತವೆ. ಅಮ್ಮ ಮಾಡುವ ಕೆಲಸ ನಿಲ್ಲಿಸಿ ತುಟಿ ಅಲ್ಲಾಡಿಸುತ್ತಾಳೆ. ಎಣಿಸುತ್ತಿದ್ದಾಳೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೂ ಎಣಿಸುತ್ತೇನೆ.

“ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ ಅಮ್ಮ.”

“ಹಿಗ್ಲಿ. ನಾನೇನು ಕುಗ್ಗು ಅಂದ್ನಾ?”

ಒಂದು ಬೆಳಿಗ್ಗೆ ಅಮ್ಮನ ಪಟ್ಟಿ ನಾನು ಕಟ್ಟಿದ ಹಾಗಿರಲಿಲ್ಲ. ಗಂಟು ಬೇರೆ ಇತ್ತು. ಕಾರ್ಖಾನೆಯಲ್ಲಿ ಬತ್ತಿಗಳನ್ನು ಕೋಲಿಗೆ ಬಿಗಿಯುವ ಗಂಟು, ಎರಡು ಸುತ್ತು ಹಾಕಿ ಒಳಗಿನಿಂದ ಎಳೆಯುವುದು. ಅಮ್ಮನೇ ಅಕ್ಕನಿಗೆ ಕಲಿಸಿದ್ದು. ಆ ಗಂಟಿಗೆ ಎರಡು ಕೈ ಬೇಕು.

“ಯಾರು ಬಿಚ್ಚಿದ್ದು?” ಅಂದೆ.

ಅಮ್ಮ ಕಿಟಕಿ ಕಡೆ ನೋಡಿದಳು. “ಅವಳು ಬಿಡ್ತಾ ಇಲ್ಲ ಕಣೆ. ಮುಚ್ಚಿದ್ರೆ ಬಿಚ್ಚಿ ನೋಡ್ತಾಳೆ. ಚಿಕ್ಕೋಳಿದ್ದಾಗ್ಲೂ ಹಂಗೇ, ಕಟ್ಟಿಟ್ಟ ಗಂಟು ಕಂಡ್ರೆ ಕೈ ಸುಮ್ನಿರ್ತಿರ್ಲಿಲ್ಲ.”

ಬಟ್ಟೆಯ ತುದಿ ಒದ್ದೆಯಾಗಿತ್ತು. ಹಲ್ಲಿನಲ್ಲಿ ಕಚ್ಚಿ ಎಳೆದರೆ ಒಂದು ಕೈಯಲ್ಲೂ ಹಾಕಬಹುದೇನೋ. ನಾನು ಕೇಳಲಿಲ್ಲ. ಕೇಳಿ ಅಮ್ಮ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ.

ಆ ವಾರ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ಕುರ್ಚಿ ಎಳೆದುಕೊಂಡು ಕೂತರು. ನಿಂತು ಮಾತಾಡುವ ಮನುಷ್ಯ ಕೂತರೆ ಸುದ್ದಿ ಒಳ್ಳೆಯದಲ್ಲ.

“ನಿಮ್ಮ ಕೈ ನನ್ನ ಮೇಲೆ ಹಟ ಸಾಧಿಸ್ತಾ ಇದೆ ಅಮ್ಮ. ಮೊದಲು ಜೇನು ಹಾಕಿ ಹತ್ತು ದಿನ ಗಾಯ ಚೊಕ್ಕಟ ಮಾಡೋಣ.”

“ಜೇನು ಹಚ್ಚೋಕೆ ಅಷ್ಟೊಂದು ಓದ್ಬೇಕಿತ್ತಾ ಡಾಕ್ಟ್ರೆ? ನಮ್ಮಮ್ಮ ಓದದೇ ಹಚ್ತಿದ್ಲು.”

“ನಿಮ್ಮಮ್ಮ ಜೇನಿನ ಜೊತೆ ಇರುವೆನೂ ಹಚ್ಚಿರ್ತಾರೆ. ಇರುವೆ ತೆಗೆಯೋಕೆ ನಾನು ಓದಿದ್ದು.”

ಅಮ್ಮ ನಕ್ಕಳು. ತಿಂಗಳುಗಳ ಮೇಲೆ. ಆದರೆ ಡಾಕ್ಟರು ನಗಲಿಲ್ಲ. ಹೊರಗೆ ನನ್ನನ್ನು ಕರೆದು ಹೇಳಿದರು: ಬೆರಳ ಗಿಣ್ಣುಗಳು ಆಗಲೇ ಬಿಗಿಯುತ್ತಿವೆ. ಜೇನಿಂದ ಕೀವು ನಿಲ್ಲುತ್ತದೆ, ಗಾಯ ತಾಜಾ ಆಗುತ್ತದೆ, ಅಷ್ಟೇ. ಆಮೇಲೆ ಲೋಳೆಸರದ ಜೆಲ್ಲಿನಲ್ಲಿ ಎಳೆಯ ಆಕರಕೋಶ ಕಲಸಿ ಹಾಕಬೇಕು. ತಿಂಗಳೊಳಗೆ ಮುಚ್ಚದಿದ್ದರೆ ಬೆರಳು ಬಗ್ಗಿದಲ್ಲೇ ಕಲ್ಲಾಗುತ್ತವೆ, ಬಲಗೈ ಇದ್ದೂ ಇಲ್ಲದ ಹಾಗೆ.

“ಅಮ್ಮನ ಕೋಶಗಳೇ?” ಅಂದೆ, ಗೊತ್ತಿದ್ದೂ.

“ಎರಡನೇ ಮನೆಗೇ ಮುದುರಿದವಲ್ಲ, ನೀನೇ ತೋರಿಸಿದೆ. ವಯಸ್ಸು, ಸಕ್ಕರೆ ಕಾಯಿಲೆ. ನಿನ್ನದು ತೆಗೆಯೋ ಹಾಗಿಲ್ಲ.”

ಇಲ್ಲ. ಚಿಕ್ಕಂದಿನಲ್ಲಿ ಬಂದ ಕಾಮಾಲೆಯ ಗುರುತು ನನ್ನ ರಕ್ತದಲ್ಲಿ ಇನ್ನೂ ಇದೆ, ನಾನು ಯಾರಿಗೂ ಏನನ್ನೂ ಕೊಡುವ ಹಾಗಿಲ್ಲ. ಬೇರೆ ದಾನಿಗಳ ಸೀಸೆಗಳು ಪರೀಕ್ಷೆ ಮುಗಿದು ಬರಲು ಇನ್ನೂ ಎರಡು ತಿಂಗಳು.

“ಎಲ್ಲಿಂದ ತರ್ಲಿ, ಹೇಳು,” ಅಂದರು ಡಾಕ್ಟರು. ನಾನು ನೆಲ ನೋಡುತ್ತಾ ನಿಂತೆ.

ಡ್ರಮ್ಮಿನ ತಳದಲ್ಲಿ ಒಂದು ಸೀಸೆ ಉಳಿದಿತ್ತು. ಅದನ್ನು ಕೊಟ್ಟರೆ ಅಮ್ಮನ ಕೈ ಬರಬಹುದು, ಅಕ್ಕ ಮುಗಿದುಹೋಗುತ್ತಾಳೆ. ಕೊಡದಿದ್ದರೆ ಅಕ್ಕ ಉಳಿಯುತ್ತಾಳೆ, ಅಮ್ಮನ ಕೈ ಹೋಗುತ್ತದೆ. ಎರಡು ದಿನ ನಾನು ಇದನ್ನೇ ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಕಾವುಪೆಟ್ಟಿಗೆಯ ಬಾಗಿಲು ತೆಗೆದಾಗಲೆಲ್ಲ ಒಳಗಿನಿಂದ ಯಾರೋ ಮಾತು ನಿಲ್ಲಿಸಿದ ಹಾಗೆ ಅನ್ನಿಸುತ್ತಿತ್ತು.

ಮೂರನೇ ದಿನ ಸ್ವೆಟರಕ್ಕನ ಮುಂದೆ ನಿಂತೆ. ನಮ್ಮ ಕೋಣೆಯ ಯಜಮಾನಿ ಅವರು. ಹೊರಗೆ ಎಷ್ಟೇ ಬಿಸಿಲಿದ್ದರೂ ಬೂದು ಸ್ವೆಟರು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು. ಬಾಟಲಿಗಳ ನಂಬರು ಬರೆಯುತ್ತಾ ತಲೆ ಎತ್ತದೆ ಕೇಳಿಸಿಕೊಂಡರು. ನಾನು ಎಲ್ಲ ಹೇಳಿದೆ, ಅಜ್ಜಿಯ ಕತೆಯನ್ನೂ ರಿಜಿಸ್ಟರಿನ ಸುಳ್ಳು ಸಹಿಯನ್ನೂ.

“ಮುಗೀತಾ?” ಅಂದರು.

“ಮುಗೀತು.”

“ಮೊನ್ನೆ ನೀನು ಜ್ವರ ಅಂತ ನಾಲ್ಕು ದಿನ ಮಲಗಿದ್ಯಲ್ಲ, ಕೆಳಗಿನ ತಟ್ಟೆ ಹಿಂದಿನ ಬಾಟಲಿಗೆ ಊಟ ಯಾರು ಹಾಕಿದ್ರು ಅಂದ್ಕೊಂಡೆ? ನಿಮ್ಮಜ್ಜಿ ಕತೆಯ ದೆವ್ವ ಬಂದು ಹಾಕ್ತಾ?”

ನಾನು ಕಾವುಪೆಟ್ಟಿಗೆಯ ಕಡೆ ತಿರುಗಿ ನೋಡಿದೆ.

“ಬಾಟಲಿ ಇಟ್ಕೊಂಡಿದ್ದಕ್ಕೆ ನಾನು ಬೈಯೋಳಲ್ಲ. ನನಗೂ ಒಬ್ಬ ತಮ್ಮ ಇದ್ದ. ಆದ್ರೆ ಸೀಸೆಗಳೂ ಇದಾವೆ ಅಂತ ನನಗೆ ಗೊತ್ತಿರ್ಲಿಲ್ಲ.” ಪೆನ್ನಿನ ಮುಚ್ಚಳ ಹಾಕಿದರು. “ಐದು. ಐದು ಸೀಸೆ ಕರಗಿಸಿ ಚೆಲ್ಲಿದ್ದೀಯಾ. ಐದಿದ್ರೆ ನಿಮ್ಮಮ್ಮನಿಗೂ ಆಗಿ ಇನ್ನೊಬ್ರಿಗೂ ಆಗ್ತಿತ್ತು. ಕನಸು ಕಾಣೋಕೆ ನಿನಗೆ ಬೇರೆ ಸಾಮಾನು ಸಿಗ್ಲಿಲ್ವಾ?”

ಅತ್ತುಬಿಟ್ಟೆ. ಅವರು ಸುಮ್ಮನೆ ಎದ್ದು ಹೋಗಿ ಅಕ್ಕನ ಹಳೆಯ ಫೈಲು ತಂದರು. ಆಸ್ಪತ್ರೆಗೆ ಬಂದ ನಾಲ್ಕನೇ ದಿನ ಅಕ್ಕ ಎಡಗೈಯಲ್ಲಿ ಗುರುತು ಹಾಕಿದ ಒಪ್ಪಿಗೆ ಪತ್ರ. ಕೊನೆಯ ಸಾಲಿನಲ್ಲಿ, ಉಳಿದದ್ದನ್ನು ಬೇರೆಯವರ ಚಿಕಿತ್ಸೆಗೆ ಬಳಸಬಹುದು ಅನ್ನುವಲ್ಲಿ, ಓರೆಯಾದ ಒಂದು ಗೆರೆ.

“ಅವಳದ್ದೇನೂ ತಕರಾರಿಲ್ಲ. ಡಾಕ್ಟರ ಹತ್ರ ನಾನು ಮಾತಾಡ್ತೀನಿ, ನಿನಗೆ ಆಗೋ ಶಿಕ್ಷೆ ಆಗ್ಲಿ. ನಿಮ್ಮಮ್ಮನಿಗೆ ಮಾತ್ರ ನೀನೇ ಹೇಳ್ಬೇಕು. ಯಾರದ್ದು ಅಂತ ಹೇಳದೆ ಹಾಕೋ ಹಾಗಿಲ್ಲ.”

ಆ ಸಂಜೆ ಅಮ್ಮನಿಗೆ ಹೇಳಿದೆ. ಅವಳು ಎಡಗೈಯಲ್ಲಿ ತಟ್ಟೆ ಒರೆಸುತ್ತಿದ್ದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

“ಎಂಟು ತಿಂಗಳಿಂದ ಅಲ್ಲಿದಾಳಾ?”

“ಅವಳಲ್ಲ ಅಮ್ಮ. ಅವಳ ಕೋಶ.”

“ಉಸಿರಾಡ್ತಾವಾ?”

“ಒಂಥರಾ.”

“ತಿಂತಾವಾ?”

“ಹೂಂ.”

“ಮತ್ತೆ ಅವಳಲ್ಲ ಅಂತೀಯ.” ತಟ್ಟೆ ಕೆಳಗಿಟ್ಟಳು. “ನನಗೆ ಬೇಡ. ನನ್ನ ಮಗಳನ್ನ ನಾನು ಕೈಗೆ ಹಚ್ಕೊಳ್ಳಾ? ಮಾಡಿದ್ದು ಸಾಲದು ಅಂತ?”

ಅವಳ ಬಾಯಿಂದ ಅಷ್ಟು ಬಂದದ್ದು ಅದೇ ಮೊದಲು. ಮುಂದೆ ಮಾತಿಲ್ಲ. ಮರುದಿನವೂ ಇಲ್ಲ. ಜೇನಿನ ಪಟ್ಟಿ ಬದಲಿಸುವಾಗ ಕೈ ಚಾಚುತ್ತಾಳೆ, ಮುಖ ಆ ಕಡೆ. ಮನೆಯೆಲ್ಲ ಜೇನಿನ ವಾಸನೆ, ಅದರ ಕೆಳಗೆ ಎಲ್ಲೋ ಮೇಣದ ವಾಸನೆ. ಎರಡು ಸಲ ಒಲೆ ನೋಡಿ ಬಂದೆ. ಒಲೆ ಆರಿತ್ತು.

ಐದನೇ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. ಮುಖಕ್ಕೆ ಪೌಡರು ಬೇರೆ.

“ನಾನೂ ಬರ್ತೀನಿ. ಅವಳನ್ನ ನೋಡ್ಬೇಕು.”

ನಮ್ಮ ಕೋಣೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಆದರೆ ಎರಡು ಬಾಗಿಲುಗಳ ನಡುವಿನ ಸಣ್ಣ ಜಾಗದಲ್ಲಿ ಒಂದು ಟಿ.ವಿ. ಪರದೆ ಇದೆ, ಒಳಗಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅದರಲ್ಲಿ ಕಾಣುತ್ತದೆ. ಸ್ವೆಟರಕ್ಕ ಅಮ್ಮನಿಗೆ ನೀಲಿ ಟೊಪ್ಪಿ ಹಾಕಿ, ಗೌನು ತೊಡಿಸಿ, ಸ್ಟೂಲಿನ ಮೇಲೆ ಕೂರಿಸಿದರು.

“ಸಿಹಿ ಅಂಗಡಿಯಲ್ಲಿ ಪಾಕ ಕಾಯಿಸೋಳ ಹಂಗೆ ಕಾಣ್ತಾ ಇದೀನಿ,” ಅಂದಳು ಅಮ್ಮ.

“ನಾನು ಮೂವತ್ತು ವರ್ಷದಿಂದ ಹಂಗೇ ಕಾಣ್ತಾ ಇದೀನಿ. ಒಬ್ರೂ ಒಂದು ಲಾಡು ಕೊಟ್ಟಿಲ್ಲ,” ಅಂದರು ಸ್ವೆಟರಕ್ಕ. ಹಾಗಂದು ಒಳಗೆ ಹೋಗಿ ಬಾಟಲಿಯನ್ನು ಗಾಜಿನ ಕೆಳಗಿಟ್ಟರು.

ಪರದೆಯ ಮೇಲೆ ಅಕ್ಕ ಬಂದಳು. ಹನ್ನೊಂದನೇ ಮನೆಯ ಅಕ್ಕ. ಬೂದು ಬೆಳಕಿನಲ್ಲಿ ಅಗಲವಾಗಿ ಹರಡಿದ ಆಕಾರಗಳು, ನಡುವೆ ಮಸುಕಾದ ಒಂದೊಂದು ಕಣ್ಣು.

ಅಮ್ಮ ಬಹಳ ಹೊತ್ತು ನೋಡಿದಳು. ಪರದೆ ಮುಟ್ಟಲು ಎಡಗೈ ಎತ್ತಿ, ಮುಟ್ಟದೆ ಮಡಿಲಿಗೆ ಇಳಿಸಿದಳು.

“ಸುಸ್ತಾಗಿದಾಳೆ.”

“ಇವು ಹಳೆಯವಮ್ಮ. ಡ್ರಮ್ಮಲ್ಲಿರೋ ಸೀಸೆಯವು ಎಳೆಯವು. ಚುರುಕಾಗಿರ್ತಾವೆ.”

“ಅವಳೇನಾದ್ರೂ ಹೇಳಿದ್ಲಾ? ಆಸ್ಪತ್ರೆಯಲ್ಲಿ. ನಿನ್ನ ಹತ್ರ ಏನೋ ಹೇಳಿದ್ಲು, ನಾನು ಗಾಜಿನಾಚೆಯಿಂದ ನೋಡಿದೀನಿ.”

ಎಂಟು ತಿಂಗಳು ಬಾಯಿಪಾಠ ಮಾಡಿಕೊಂಡಿದ್ದ ಸುಳ್ಳು ನಾಲಿಗೆ ತುದಿಯಲ್ಲಿತ್ತು. ಡ್ರಮ್ಮು ತಾನಾಗೇ ಸಿಡೀತು. ಪರದೆಯ ಮೇಲೆ ಅವಳು ಅಷ್ಟು ದೊಡ್ಡದಾಗಿ ಹರಡಿಕೊಂಡಿದ್ದಾಗ ಅದನ್ನು ಹೇಳಲು ನನ್ನಿಂದ ಆಗಲಿಲ್ಲ.

“ನೀರಿಂದ ಆಯ್ತು ಅಂತ ನಿನಗೆ ಹೇಳ್ಬೇಡ ಅಂದ್ಲು.”

ಅಮ್ಮ ತಲೆಯಾಡಿಸಿದಳು, ಅಂಗಡಿಯಲ್ಲಿ ಬೆಲೆ ಕೇಳಿ ಗೊತ್ತಿದ್ದದ್ದೇ ಅನ್ನುವ ಹಾಗೆ. “ನೀರು ಹಾಕಬಾರದು ಅಂತ ಗೋಡೆ ಮೇಲೆ ಬೋರ್ಡು ಇತ್ತು. ಬರೆಸಿ ಹಾಕಿಸಿದ್ದು ನಾನೇ. ಹೊಸಬರಿಗೆಲ್ಲ ಓದಿ ಹೇಳ್ತಿದ್ದೋಳೂ ನಾನೇ. ಬೆಂಕಿ ಕಂಡ ತಕ್ಷಣ ಕೈ ತಾನೇ ಹೋಯ್ತು. ತಲೆ ಹಿಂದೆ ಉಳೀತು.” ಮತ್ತೆ ಪರದೆ ನೋಡಿದಳು. “ಅಂದ್ರೆ ಅವಳಿಗೆ ಗೊತ್ತಿತ್ತು.”

“ಹೂಂ.”

“ಬೈದ್ಲಾ?”

“ಇಲ್ಲ. ದಿನಾ ಒಂದೇ ಕೇಳೋಳು. ಅಮ್ಮನ ಕೈ ಹೆಂಗಿದೆ ಅಂತ.”

“ನೀನೇನಂದೆ?”

“ವಾಸಿಯಾಗ್ತಾ ಇದೆ ಅಂದೆ.”

ಒಳಗೆ ಕಾವುಪೆಟ್ಟಿಗೆಯ ಸಣ್ಣ ಮೋಟಾರು ಗುಂಯ್ ಅಂತ ಶುರುವಾಗಿ ನಿಂತಿತು. ಅಮ್ಮ ಜೇನು ಕಟ್ಟಿದ ಕೈಯನ್ನು ನೋಡಿಕೊಂಡಳು.

“ಹಾಕಿದ್ರೆ ಅವಳು ನನ್ನ ಕೈಯಲ್ಲೇ ಇದ್ದುಬಿಡ್ತಾಳಾ?”

“ಇಲ್ಲಮ್ಮ. ಅವು ಚರ್ಮ ಆಗಲ್ಲ. ಗಾಯದಲ್ಲಿ ಕೂತು ನಿನ್ನ ಚರ್ಮಾನ ಕೂಗ್ತಾವೆ, ಬಾ ಬಾ ಅಂತ. ಸುತ್ತಲಿಂದ ನಿನ್ನದೇ ಚರ್ಮ ತೆವಳಿ ಬರುತ್ತೆ. ಅಷ್ಟು ಹೊತ್ತಿಗೆ ಅವು ಹೋಗಿರ್ತಾವೆ. ಮೂರು ವಾರ, ನಾಲ್ಕು ವಾರ.”

“ಆಮೇಲೆ?”

“ಆಮೇಲೆ ಇಲ್ಲ. ಎಲ್ಲೂ ಇಲ್ಲ.”

“ಹಾಕದಿದ್ರೆ?”

“ಸೀಸೆಯಲ್ಲಿ ಇರ್ತಾವೆ. ಎಷ್ಟು ವರ್ಷ ಬೇಕಾದ್ರೂ.”

“ಆ ಚಳಿಯಲ್ಲಿ,” ಅಂದಳು ಅಮ್ಮ. ಆಮೇಲೆ ಗೌನಿನ ತುದಿಯಿಂದ ಮೂಗು ಒರೆಸಿಕೊಂಡಳು. “ಇದನ್ನ ಬಿಟ್ಬಿಡು. ಹಿಂಗೆ ಇಡಬಾರದು ಯಾರನ್ನೂ. ಸೀಸೆದು ತೆಗಿ.”

ಹಳೆಯ ಬಾಟಲಿಯನ್ನು ನಾನೇ ಮುಗಿಸಬೇಕು ಅಂತ ಸ್ವೆಟರಕ್ಕ ಹೇಳಿದರು, ಹೊಸದನ್ನು ಕರಗಿಸುವ ಮೊದಲೇ. ಬ್ಲೀಚ್ ಹಾಕಿದಾಗ ಗುಲಾಬಿ ದ್ರವ ಒಂದು ಕ್ಷಣ ಹಳದಿಯಾಗಿ, ಆಮೇಲೆ ಬಣ್ಣವೇ ಇಲ್ಲದ ಹಾಗಾಯಿತು. ಸದ್ದಿಲ್ಲ. ಹತ್ತು ನಿಮಿಷ ಬಿಡಬೇಕು ಅಂತ ನಿಯಮ. ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ರಿಜಿಸ್ಟರಿನ ಹಳೆಯ ಸಹಿಯ ಪಕ್ಕದಲ್ಲಿ ಅವತ್ತಿನ ತಾರೀಖು ಬರೆದು ಇನ್ನೊಂದು ಸಹಿ ಮಾಡಿಸಿದರು ಸ್ವೆಟರಕ್ಕ. ಆರು ತಿಂಗಳು ನನ್ನೊಬ್ಬಳನ್ನೇ ಡ್ರಮ್ಮಿನ ಹತ್ತಿರ ಬಿಡುವುದಿಲ್ಲ ಅಂತ ಡಾಕ್ಟರ ಆದೇಶವೂ ಬಂತು.

ಸೀಸೆ ಕರಗಿಸುವುದು ಒಂದೂವರೆ ನಿಮಿಷದ ಕೆಲಸ. ಬಿಸಿನೀರಲ್ಲಿ ಹಿಡಿದು ಮೆತ್ತಗೆ ಅಲ್ಲಾಡಿಸುತ್ತಿರಬೇಕು, ಅಕ್ಕಿ ಕಾಳಿನಷ್ಟು ಹಿಮ ಉಳಿದಿರುವಾಗಲೇ ತೆಗೆದುಬಿಡಬೇಕು. ತಡವಾದರೆ ಸಾಯುತ್ತವೆ, ಬೇಗ ತೆಗೆದರೂ ಸಾಯುತ್ತವೆ. ಐದು ಸಲ ಮಾಡಿದ ಕೈ ಆರನೇ ಸಲ ಅಲ್ಲಾಡಿಸುವುದನ್ನು ನಡುವೆ ನಿಲ್ಲಿಸಿತು. ಸ್ವೆಟರಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು, ಸೀಸೆ ತೆಗೆದುಕೊಳ್ಳಲಿಲ್ಲ. ನೀಲಿ ಬಣ್ಣ ಹಾಕಿ ಎಣಿಸಿದೆವು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬೆಳ್ಳಗೆ ಹೊಳೆಯುತ್ತದೆ. ಹತ್ತರಲ್ಲಿ ನಾಲ್ಕು ನೀಲಿ.

“ಆರು ಸಾಕು. ನಿಮ್ಮಕ್ಕ ಗಟ್ಟಿಗಿತ್ತಿ,” ಅಂದರು.

ನಾಲ್ಕನೇ ಮನೆಗೆ ಬರುವ ಹೊತ್ತಿಗೆ ಮೀನುಗಳು ಬಾಟಲಿ ತುಂಬಿದವು. ಜೇನಿನಿಂದ ಅಮ್ಮನ ಗಾಯ ದಾಳಿಂಬೆಯ ಬಣ್ಣಕ್ಕೆ ತಿರುಗಿತ್ತು, ಕೀವಿನ ಸುಳಿವಿಲ್ಲ. ಉಪ್ಪುನೀರಿನಲ್ಲಿ ಜೇನನ್ನೆಲ್ಲ ತೊಳೆದರು. ಜೇನು ಗಾಯಕ್ಕೆ ಒಳ್ಳೆಯದಾದರೂ ಬರಿಮೈಯ ಕೋಶಗಳನ್ನು ಅದು ನೀರು ಹೀರಿ ಕೊಂದುಬಿಡುತ್ತದೆ. ಆಮೇಲೆ ಲೋಳೆಸರದ ತೆಳು ಜೆಲ್ಲಿನಲ್ಲಿ ಕಲಸಿದ ಅಕ್ಕನನ್ನು ಡಾಕ್ಟರು ಅಮ್ಮನ ಕೈ ಮೇಲೆ ಹರಡಿದರು, ಗಾಜಿನ ಮೇಲೆ ನೀರು ಸವರಿದ ಹಾಗೆ. ಏನೂ ಕಾಣುವಂತಿರಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

“ತಣ್ಣಗಿದೆ,” ಅಂದಳು. ಸ್ವಲ್ಪ ಹೊತ್ತಾದ ಮೇಲೆ, “ಈಗ ಇಲ್ಲ.”

ಆ ಮೂರು ವಾರ ನಮ್ಮ ಮನೆಯಲ್ಲಿ ಮೂವರಿದ್ದೆವು. ಅಮ್ಮ ಆ ಕೈಯನ್ನು ಎದೆಗೊತ್ತಿ ಓಡಾಡಿದಳು. ಬಿಸಿಲಿಗೆ ಬಿಡಲಿಲ್ಲ, ಗಾಳಿಗೆ ಬಿಡಲಿಲ್ಲ, ಪಟ್ಟಿ ಮುಟ್ಟಲಿಲ್ಲ. ಕೈಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೇನೋ ಹೇಳುತ್ತಿದ್ದಳು. ಅಕ್ಕ ಹುಟ್ಟಿದಾಗ ಕರೆಯುತ್ತಿದ್ದ ಹೆಸರು, ಕೊಡಿಸದೆ ಬಿಟ್ಟ ಒಂದು ಹಸಿರು ಲಂಗದ ವಿಷಯ, ಕಾರ್ಖಾನೆಯಲ್ಲಿ ಯಾರು ಯಾರನ್ನು ಮದುವೆಯಾದರು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಒಮ್ಮೆ ನನಗೆ ತಡೆಯಲಾಗಲಿಲ್ಲ.

“ನನಗೂ ಹೇಳ್ಬಾರ್ದಾ?”

“ನಿನಗೆ ಇನ್ನೂ ಟೈಮಿದೆ. ಅವಳಿಗೆ ಇಲ್ವಲ್ಲ,” ಅಂದಳು ಅಮ್ಮ.

ಇಪ್ಪತ್ತೆರಡನೇ ದಿನ ಡಾಕ್ಟರು ಪೂರ್ತಿ ಬಿಚ್ಚಿದರು. ಗಾಯದ ಅಂಚುಗಳು ಕೂಡಿದ್ದವು. ಹಿಂಗೈ ತುಂಬ ಹೊಸ ಚರ್ಮ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ, ನಸುಗೆಂಪಾಗಿ ಹೊಳೆಯುತ್ತಿತ್ತು. ಡಾಕ್ಟರು ಅದನ್ನು ನೋಡಿ ಮತ್ತೆ ನೋಡಿ, ಕಿಟಕಿಯ ಪರದೆ ಸರಿಸಿ ಬೆಳಕಲ್ಲಿ ಇನ್ನೊಂದು ಸಲ ನೋಡಿದರು.

“ಈಗ ಮುಷ್ಟಿ ಹಿಡಿರಿ ಅಮ್ಮ. ನಿಧಾನ.”

ಅಮ್ಮ ಹಿಡಿಯಲಿಲ್ಲ.

“ನೋವಾಗುತ್ತಾ?”

“ನನಗಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತೋ ಇಲ್ಲವೋ, ಕೈ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿದರು. ಈಗ ಬೆರಳು ಮಡಿಸದಿದ್ದರೆ ಚರ್ಮ ಬಿಗಿದುಕೊಳ್ಳುತ್ತದೆ, ಆಗ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಅಮ್ಮನಿಗೂ ಅದು ಗೊತ್ತಿತ್ತು. ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅದರ ಮೇಲೆ ಕೂತ ಹಕ್ಕಿ ಹಾರಿಹೋದೀತು ಅನ್ನುವ ಹಾಗೆ ಅಲ್ಲಾಡದೆ ಕೂತಿದ್ದಳು.

“ನೀನು ಹೇಳು,” ಅಂದಳು ನನಗೆ. “ಡಾಕ್ಟ್ರು ಬೇಡ. ನೀನು ಹೇಳು. ಇದಾಳಾ, ಹೋದ್ಲಾ?”

ಪುಸ್ತಕಗಳಲ್ಲಿ ಹೋಗುತ್ತವೆ ಅಂತ ಬರೆದಿದೆ. ಮೂರು ವಾರಕ್ಕೋ ನಾಲ್ಕಕ್ಕೋ, ಬಹುತೇಕ ಎಲ್ಲ. ಈ ಬಹುತೇಕ ಅನ್ನುವ ಮಾತಿನ ಮೇಲೆ ನಾನು ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ಯಾವುದೋ ಒಂದು, ಯಾವುದೋ ಮಡಿಕೆಯಲ್ಲಿ, ಇನ್ನೂ ಕೂಗುತ್ತಾ ಉಳಿದಿದ್ದರೆ ಯಾರೂ ಕಂಡುಹಿಡಿಯಲಾರರು. ಎಂಟು ತಿಂಗಳು ಅವಳನ್ನು ಹೋಗಲು ಬಿಡದಿದ್ದವಳು ನಾನು. ನನ್ನ ಬಾಯಿಂದಲೇ ಅದನ್ನು ಕೇಳಬೇಕಿತ್ತು ಅಮ್ಮನಿಗೆ.

“ಹೋದ್ಲು ಅಮ್ಮ,” ಅಂದೆ.

ಅಮ್ಮ ಒಂದು ಉಸಿರು ಎಳೆದುಕೊಂಡು ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ಬೆರಳು ಮಡಿಸಿದಳು. ಕಿರುಬೆರಳು ಮೊದಲು, ಅದರ ಹಿಂದೆ ಒಂದೊಂದೇ. ಹೊಸ ಚರ್ಮ ಗಿಣ್ಣುಗಳ ಮೇಲೆ ಬೆಳ್ಳಗಾಗಿ ಹಿಗ್ಗಿತು. ಹರಿಯಲಿಲ್ಲ. ಹೆಬ್ಬೆರಳು ಮಾತ್ರ ಅರ್ಧಕ್ಕೆ ನಿಂತಿತು. ಅದನ್ನು ನಾನು ಮುಟ್ಟಿ ಒಳಗೆ ಸೇರಿಸಿದೆ, ಬೆಚ್ಚಗಿತ್ತು.